11 ಕೆವಿ (11,000 ವೋಲ್ಟ್) ಕೇಬಲ್‌ಗಳೆಲ್ಲ ಒಂದೇ ಅಲ್ಲ
"11 ಕೆವಿ ಅಂತ ಬರೆದಿದ್ದರೆ ಸಾಕು, ಯಾವ ಕೇಬಲ್ ಆದರೂ ನಡೆಯುತ್ತದೆ" ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು, ಅಪಾಯ ಕೂಡ.

ನಮ್ಮ ಭಾರತೀಯ ಕೇಬಲ್ ಮಾನದಂಡ ಐಎಸ್ 7098 ಭಾಗ 2ರಲ್ಲೇ 11 ಕೆವಿಗೆ ಎರಡು ಬಗೆ ಇವೆ. ಅರ್ತ್ ಮಾಡಿದ (ಅಂದರೆ ಮೂರು ಫೇಸ್‌ಗಳ ನಡುಬಿಂದುವಾದ ನ್ಯೂಟ್ರಲ್ ಅನ್ನು ನೆಲಕ್ಕೆ ಜೋಡಿಸಿದ) ವ್ಯವಸ್ಥೆಗೆ 6.35/11, ಮಾಡದ್ದಕ್ಕೆ 11/11. ಇಲ್ಲಿ ಮೊದಲ ಅಂಕಿ ಫೇಸ್ ಮತ್ತು ನೆಲದ ನಡುವಿನ ಕೆವಿ, ಎರಡನೆಯದು ಎರಡು ಫೇಸ್‌ಗಳ ನಡುವಿನದು. 6.35/11 ಕೇಬಲ್‌ನ ಎಕ್ಸ್‌ಎಲ್‌ಪಿಇ (ಒಂದು ಬಗೆಯ ಪ್ಲಾಸ್ಟಿಕ್) ಇನ್ಸುಲೇಶನ್ ದಪ್ಪ 3.6 ಮಿ.ಮೀ., 11/11ರದ್ದು 5.5. ಯಾಕಿಷ್ಟು ಜಾಸ್ತಿ? ಅರ್ತ್ ಇಲ್ಲದ ಕಡೆ ಒಂದು ಫೇಸ್ ನೆಲಕ್ಕೆ ತಾಗಿದರೆ, ಉಳಿದೆರಡು ಫೇಸ್‌ಗಳ ಇನ್ಸುಲೇಶನ್ ಮೇಲೆ ಪೂರ್ತಿ 11 ಕೆವಿ ಬೀಳುತ್ತದೆ. ಲೈನ್ ಟ್ರಿಪ್ ಆಗದೆ ಹಾಗೇ ಗಂಟೆಗಟ್ಟಲೆ ಓಡಲೂಬಹುದು. ತೆಳು ಇನ್ಸುಲೇಶನ್ ಅದಕ್ಕೆ ಮಾಡಿದ್ದಲ್ಲ, ಅಲ್ವಾ?

ಅಂತರರಾಷ್ಟ್ರೀಯ ಮಾನದಂಡ ಐಇಸಿ 60502-2ರಲ್ಲಿ ಹತ್ತಿರದ ದರ್ಜೆ 6/10, ಇನ್ಸುಲೇಶನ್ ಇನ್ನೂ ತೆಳು, 3.4 ಮಿ.ಮೀ. ಹಾಗಾಗಿ ಆರ್ಡರ್ ಕೊಡುವ ಮೊದಲು ನ್ಯೂಟ್ರಲ್ ಅರ್ತಿಂಗ್ ಹೇಗಿದೆ ಎಂದು ದಯವಿಟ್ಟು ಕೇಳಿ.