ಅಯ್ಯೋ ಅಮ್ಮಾ: ಎರಡು ರೂಪಾಯಿ

ನನ್ನ ಮಗಳು ಮಂಡ್ಯದ ಒಂದು ಕಾನ್ವೆಂಟಿನಲ್ಲಿ ಮೂರನೇ ಕ್ಲಾಸು. ಶಾಲೆಯ ಹೆಸರು ಬೇಡ, ಎರಡನೇ ಕಂತಿನ ಫೀಸು ಇನ್ನೂ ಬಾಕಿ ಇದೆ.

ಜುಲೈನಲ್ಲಿ ಆಟ ಆಡುವಾಗ ಬಿದ್ದು ಮಂಡಿ ತರಚಿಕೊಂಡಳು. ಬಿದ್ದವರು ಇನ್ನೇನಂತಾರೆ? 'ಅಯ್ಯೋ ಅಮ್ಮಾ' ಅಂದಳು. ಪದಕ್ಕೆ ಒಂದು ರೂಪಾಯಿಯಂತೆ ಎರಡು ರೂಪಾಯಿ ದಂಡ ಬಿತ್ತು. ಮಂಡಿಗೆ ಹಚ್ಚಿದ ಡೆಟಾಲ್ ಮಾತ್ರ ಫ್ರೀ.

ಕ್ಲಾಸಿನ ಮೂಲೆಯಲ್ಲಿ ಒಂದು ಖಾಲಿ ಹಾರ್ಲಿಕ್ಸ್ ಬಾಟಲಿ ಇದೆ. ಕನ್ನಡ ಆಡಿದವರು ಅದರೊಳಗೆ ಕಾಸು ಹಾಕಬೇಕು. ಲೆಕ್ಕ ಬರೆಯೋದು ಕ್ಲಾಸ್ ಲೀಡರ್, ಎಂಟು ವರ್ಷದ ಹುಡುಗ. ಊಟದ ಹೊತ್ತಲ್ಲೂ ಬಿಡಲ್ಲ. ಒಬ್ಬಳು 'ಉಪ್ಪಿಟ್ಟು' ಅಂದದ್ದಕ್ಕೆ ದಂಡ ಬರೆದ. ಪಕ್ಕದವನು 'ಇಡ್ಲಿ' ಅಂದ. ಇಡ್ಲಿ ಕನ್ನಡವೋ ಇಂಗ್ಲಿಷೋ ಎಂದು ಜಗಳ ಹತ್ತಿ, ಕೇಸು ಮಿಸ್ ಹತ್ತಿರ ಹೋಯಿತು. ಇಡ್ಲಿ ಖುಲಾಸೆ. ಉಪ್ಪಿಟ್ಟಿನ ಮೇಲ್ಮನವಿ ವಜಾ.

ಕೇಳೋಣ ಅಂತ ಹೋದೆ. ಗೇಟಿನ ಹತ್ತಿರ ಸಿಸ್ಟರ್ ಎಳನೀರಿನವನ ಜೊತೆ ಚೌಕಾಸಿ ಮಾಡುತ್ತಿದ್ದರು. ಎಂಥ ಕನ್ನಡ ಅಂತೀರಿ! 'ಗಂಜಿ ಬಲ್ತೋಗದೆ ಕಣಪ್ಪ, ಇದ್ಕೆ ನಲವತ್ತಾ?' ಬೆರಳು ಮಡಚಿ ಪದ ಎಣಿಸಿದೆ. ಐದು ರೂಪಾಯಿ. ನನ್ನನ್ನು ಕಂಡದ್ದೇ 'ಯೆಸ್, ಫಾದರ್ ಆಫ್?' ಅಂದರು. ನಾನು ಬಂದ ವಿಷಯ ಮರೆತು ಫೀಸಿನ ರಸೀದಿ ಕೇಳಿ ವಾಪಸ್ ಬಂದೆ.

ಇದೇ ಜಿಲ್ಲೆಯ ಗಂಜಾಂನಲ್ಲಿ ಇನ್ನೂರು ವರ್ಷದ ಹಿಂದೆ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ ಇದ್ದರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಕಡೆ ಬಂದವರು. ಅಪ್ಪಟ ಕ್ಯಾಥೊಲಿಕ್. ತಲೆಗೆ ಪೇಟ ಸುತ್ತಿ, ಮಾಂಸ ಬಿಟ್ಟು, ಊರವರ ಹಾಗೇ ಬದುಕಿದರು. ಸಿಡುಬಿಗೆ ಲಸಿಕೆ ಹಾಕಿಸಿದರು. ಜನ ಪ್ರೀತಿಯಿಂದ ದೊಡ್ಡ ಸ್ವಾಮಿಯವರು ಅಂದರು. ಪಾಪ, ಇವತ್ತು ಅವರು ಮಗಳ ಕ್ಲಾಸಿಗೆ ಬಂದರೆ ಬರೀ ಅವರ ಹೆಸರಿಗೇ ಎರಡು ರೂಪಾಯಿ.

ಕಾನೂನು ಇಲ್ವಾ ಅಂತೀರಾ? ಇದೆ. ಸೇರಿಸಿಕೊಳ್ಳುವಾಗ ಮಗುವಿಗೂ ಹೆತ್ತವರಿಗೂ ಇಂಟರ್‌ವ್ಯೂ ಮಾಡಬಾರದು, ಮಕ್ಕಳನ್ನು ಹೊಡೆಯಬಾರದು, ಮನಸ್ಸು ನೋಯಿಸಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಾಗಾಗಿ ನಮ್ಮ ಇಂಟರ್‌ವ್ಯೂ ಸಾಂಗವಾಗಿ ನಡೆಯಿತು. ಉತ್ತರ ಹೇಳಿದ್ದು ಹೆಂಡತಿ. 'ನೀವು ಸುಮ್ನೆ ನಗ್ತಾ ಕೂತಿರಿ' ಎಂದು ನನಗೆ ಮೊದಲೇ ಹೇಳಿದ್ದಳು. ನಕ್ಕೆ. ಸೀಟು ಸಿಕ್ಕಿತು. ಅಂದಮೇಲೆ ಬಾಟಲಿಯಲ್ಲಿ ನನ್ನ ಪಾಲೂ ಇದೆ ಅಲ್ವಾ?

ನವೆಂಬರ್ 1 ಬಂತು. ಬಾಟಲಿ ಒಡೆದರು. ಆ ದುಡ್ಡಿನಲ್ಲಿ ಹಳದಿ ಕೆಂಪು ಬಾವುಟ ಬಂತು, ಎಲ್ಲರಿಗೂ ಒಂದೊಂದು ಮೈಸೂರ್‌ಪಾಕ್ ಬಂತು. ಕನ್ನಡ ಇಷ್ಟು ಚೆನ್ನಾಗಿ ದುಡಿದ ಶಾಲೆ ಬೇರೆ ಇರಲಿಕ್ಕಿಲ್ಲ.

ಮಗಳದು ಭಾಷಣ. ಕನ್ನಡ ತಾಯಿಯ ಮೇಲೆ ಮೂರು ನಿಮಿಷ, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದಳು. ಚಪ್ಪಾಳೆಯೋ ಚಪ್ಪಾಳೆ. ಸಿಸ್ಟರ್ ಕಣ್ಣು ಒರೆಸಿಕೊಂಡರು. ಸ್ಟೀಲ್ ಡಬ್ಬಿ ಬಹುಮಾನ ಹಿಡಿದು ಇಳಿಯುವಾಗ ಕೊನೇ ಮೆಟ್ಟಿಲು ತಪ್ಪಿತು. ಅದೇ ಮಂಡಿ.

'ಔಚ್' ಅಂದಳು.