ಒಂದು ಕೆಜಿ ಮುನ್ನೂರು ಗ್ರಾಂ, ದಂಟು ಸಮೇತ

ನಿನ್ನೆ ಮಧ್ಯಾಹ್ನ ಒಂದು ಜಾಮೀನು ಅರ್ಜಿ ಟೈಪ್ ಮಾಡುತ್ತಿದ್ದೆ. ಪಂಚನಾಮೆ ಪಕ್ಕದಲ್ಲಿತ್ತು. ಒಂದು ಸಾಲಿಗೆ ಬಂದು ಕೈ ನಿಂತುಬಿಟ್ಟಿತು. ಗೊಬ್ಬರದ ಚೀಲದಲ್ಲಿ ಸಿಕ್ಕ, ಹೂವು, ಎಲೆ, ಬೀಜ, ದಂಟು ಸಮೇತ ಒಣಗಿದ ಗಾಂಜಾ ಗಿಡಗಳನ್ನು ಪಂಚರ ಸಮಕ್ಷಮ ತೂಕ ಮಾಡಲಾಗಿ 1 ಕೆಜಿ 300 ಗ್ರಾಂ ಇರುತ್ತದೆ, ಅಂತ.

ದಂಟು ಸಮೇತ! ನಮ್ಮ ಬೀದಿಯ ಸೊಪ್ಪಿನವಳು ಕೂಡ ಬೇರು, ದಂಟು ಮುರಿದು ಕೊಡುತ್ತಾಳೆ ಸ್ವಾಮಿ. ತಕ್ಕಡಿ ಎಲ್ಲಿಂದ ಬಂತು ಗೊತ್ತಾ? ಊರಿನ ಕಿರಾಣಿ ಅಂಗಡಿಯಿಂದ. ಅದೂ ಪಂಚನಾಮೆಯಲ್ಲೇ ಇದೆ. ಬೆಲ್ಲ ತೂಗುವ ತಕ್ಕಡಿಯಲ್ಲಿ ಒಬ್ಬ ಮುದುಕನ ಹತ್ತು ವರ್ಷ ತೂಗಿದ್ದಾರೆ.

ಹತ್ತು ವರ್ಷ ಅಂತ ಸುಮ್ನೆ ಹೇಳುತ್ತಿಲ್ಲ. ವಕೀಲರ ಆಫೀಸಿನಲ್ಲಿ ಕೂತು ನಾನು ಎಷ್ಟು ಎನ್‌ಡಿಪಿಎಸ್ (ಮಾದಕ ವಸ್ತು ಕಾಯಿದೆಯ) ಕೇಸು ಟೈಪ್ ಮಾಡಿದ್ದೇನೆ ಅಂತ ನಿಮಗೆ ಗೊತ್ತೇ ಇದೆ. ಗಾಂಜಾ 1 ಕೆಜಿವರೆಗೆ ಇದ್ದರೆ ‘ಸಣ್ಣ ಪ್ರಮಾಣ’. ಶಿಕ್ಷೆ ಹೆಚ್ಚೆಂದರೆ 1 ವರ್ಷ, ಇಲ್ಲವೇ 10 ಸಾವಿರದವರೆಗೆ ದಂಡ, ಅಥವಾ ಎರಡೂ. ಒಂದು ಕೆಜಿ ದಾಟಿತೋ, 10 ವರ್ಷದವರೆಗೆ ಜೈಲು, ಲಕ್ಷದವರೆಗೆ ದಂಡ. ಈಗ ಅದೇ ಕಾಯಿದೆಯ 2ನೇ ಕಲಂ ತೆಗೆಯಿರಿ. ಗಾಂಜಾ ಅಂದರೆ ಗಿಡದ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿ. ತುದಿ ಜೊತೆಗಿಲ್ಲದಿದ್ದರೆ ಬೀಜ, ಎಲೆ ಗಾಂಜಾ ಅಲ್ಲ. ದಂಟಿನ ಮಾತೇ ಅಲ್ಲಿಲ್ಲ. ಆ ಚೀಲದಿಂದ ದಂಟು ಆರಿಸಿ ಪಕ್ಕಕ್ಕಿಟ್ಟರೆ ಎಷ್ಟು ಉಳಿಯುತ್ತಿತ್ತು? ಯಾರೂ ಆರಿಸಲಿಲ್ಲ. ಯಾರಿಗೆ ಪುರುಸೊತ್ತು?

ಆ ಅಜ್ಜ ಕುರಿ ಕಾಯುವವನು. ಎಪ್ಪತ್ತರ ಆಸುಪಾಸು. ಕುರಿ ಹಟ್ಟಿಗೆ ಬಂದ ಮೇಲೆ ಒಂದು ಚಿಲುಮೆ ಸೇದುವುದು ನಲವತ್ತು ವರ್ಷದ ಅಭ್ಯಾಸವಂತೆ. ಯಾವುದೋ ಜಾತ್ರೆಯಲ್ಲಿ ಸಾಧುಗಳ ಜೊತೆ ಕೂತು ಕಲಿತದ್ದು. ಸೊಸೆ ಆಫೀಸಿಗೆ ಬಂದಿದ್ದಳು. ಕೈಯಲ್ಲಿ ಬುತ್ತಿ ಗಂಟು, ಇನ್ನೊಂದು ಕೈಯಲ್ಲಿ ಆಧಾರ್ ಜೆರಾಕ್ಸ್. ‘ಅಕ್ಕಾ, ಮಾರಿಲ್ಲ ಅವ್ರು, ಸೇದ್ತಾರೆ ಅಷ್ಟೇ’ ಅಂದಳು. ಸೇದಿದರೂ ತಪ್ಪೇ ಅಂತ ನಾನು ಹೇಳಲಿಲ್ಲ. ಬೆಳೆದ ಅಂತ ಕೇಸು ಹಾಕಿದ್ದರೆ ತೂಕದ ಗೊಡವೆಯೇ ಇಲ್ಲ, ಒಂದೇ ಗಿಡಕ್ಕೂ 10 ವರ್ಷದವರೆಗೆ ಹೋಗಬಹುದು ಅಂತಲೂ ಹೇಳಲಿಲ್ಲ. ಕಾಫಿ ತರಿಸಿದೆ.

ಇದೇ ಹೊತ್ತಿಗೆ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಟೊರಾಂಟೊದಿಂದ ಅಕ್ಕನ ಮಗನ ಫೋಟೊ. ಅಲ್ಲಿನ ಗಾಂಜಾ ಅಂಗಡಿ. ಗಾಜಿನ ಬಾಗಿಲು, ಒಳಗೆ ಒಡವೆ ಅಂಗಡಿ ಥರ ದೀಪ. 2018ರಿಂದ ಕೆನಡಾದಲ್ಲಿ ಕಾನೂನುಬದ್ಧ, ಜೇಬಿನಲ್ಲಿ 30 ಗ್ರಾಂ ಇಟ್ಟುಕೊಂಡು ಓಡಾಡಬಹುದು. ‘ಚಿಕ್ಕಮ್ಮಾ, ನಿಮ್ಮ ದೇಶ ಯಾವಾಗ ಉದ್ಧಾರ ಆಗೋದು?’ ಅಂತ ಕೇಳಿದ. ‘ನಿಮ್ಮ ದೇಶ’ ಅಂತೆ. ಎರಡು ವರ್ಷ ಆಗಿಲ್ಲ ಹೋಗಿ!

ಅದಕ್ಕೆ ನಮ್ಮ ದೊಡ್ಡಪ್ಪನ ಉತ್ತರ: ‘ಇದೆಲ್ಲ ನಮ್ಮ ಸಂಸ್ಕೃತಿ ಅಲ್ಲ.’ ಅವರು ಅದನ್ನು ಮೂರನೇ ಪೆಗ್ಗಿನ ಹೊತ್ತಿಗೇ ಬರೆದಿರುತ್ತಾರೆ, ಸಮಯ ನೋಡಿದರೆ ಗೊತ್ತಾಗುತ್ತದೆ. ಸಂಸ್ಕೃತಿ ಅಲ್ಲವಂತೆ. ಭಂಗಿ ಸೊಪ್ಪು, ರಾಮರಸ ಇವೆಲ್ಲ ಯಾವ ಭಾಷೆಯ ಮಾತು ದೊಡ್ಡಪ್ಪಾ? 1893ರಲ್ಲಿ ಬ್ರಿಟಿಷರು ಇದಕ್ಕೇ ಅಂತ ಒಂದು ಆಯೋಗ ಮಾಡಿ, ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, ಮಿತವಾಗಿ ಬಳಸುವವರಿಗೆ ಅಂಥ ಹಾನಿಯಿಲ್ಲ, ಪೂರ್ತಿ ನಿಷೇಧ ಬೇಡ ಅಂದರು. ನಿಷೇಧ ಬಂದದ್ದು 1985ರಲ್ಲಿ. 1961ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕಿದ್ದೆವು, ಕೊಟ್ಟ 25 ವರ್ಷದ ಗಡುವು ಮುಗಿಯುತ್ತಾ ಬಂತು, ಕಾಯಿದೆ ಬಂತು. ತಮಾಷೆ ಏನೆಂದರೆ, 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ವಿಯೆನ್ನಾ ಸಭೆಯಲ್ಲಿ ಅದೇ ಒಪ್ಪಂದದ ಅತಿ ಅಪಾಯದ ಪಟ್ಟಿಯಿಂದ ಗಾಂಜಾ ತೆಗೆಯುವ ಮತದಾನ ನಡೆದಾಗ ಭಾರತ ‘ತೆಗೆಯಿರಿ’ ಅಂತ ಮತ ಹಾಕಿತು. ಪರ 27, ವಿರುದ್ಧ 25 ಮತ ಬಿದ್ದು ಅದು ಗೆದ್ದಿತು. ವಿಯೆನ್ನಾದಲ್ಲಿ ಒಂದು ಮಾತು, ಹಟ್ಟಿಯಲ್ಲಿ ಇನ್ನೊಂದು.

ಇನ್ನು ಪೆಗ್ಗಿನ ವಿಷಯ. 2025-26ರ ನಮ್ಮ ರಾಜ್ಯದ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 40 ಸಾವಿರ ಕೋಟಿ. ಗುರಿ! ಇಷ್ಟು ಕುಡಿಸಲೇಬೇಕು ಅಂತ. ಸಾಕು, ಅದರ ಬಗ್ಗೆ ಬರೆದರೆ ಬಿಪಿ ಜಾಸ್ತಿ ಆಗುತ್ತದೆ.

ಮತ್ತೆ ದಂಟಿಗೇ ಬರುತ್ತೇನೆ. 2022ರಲ್ಲಿ ನಮ್ಮ ಹೈಕೋರ್ಟಿಗೆ ಬೆಂಗಳೂರಿನ ಒಂದು ಕೇಸು ಬಂತು. ಒಬ್ಬನ ಹತ್ತಿರ 29 ಕೆಜಿ ಭಾಂಗ್ ಸಿಕ್ಕಿತ್ತು. ಕೋರ್ಟು ಜಾಮೀನು ಕೊಟ್ಟಿತು. ಭಾಂಗ್ ಎಲೆಯಿಂದ ಆಗುವುದು, ಉತ್ತರ ಭಾರತದಲ್ಲಿ ಲಸ್ಸಿ ಅಂಗಡಿಯಲ್ಲೇ ಮಾರುತ್ತಾರೆ, ಕಾಯಿದೆಯಲ್ಲಿ ಅದಕ್ಕೆ ನಿಷೇಧವಿಲ್ಲ ಅಂದಿತು. ಸರಿಯಾಗೇ ಹೇಳಿತು. ಆದರೆ ಯೋಚನೆ ಮಾಡಿ. ಒಂದೇ ಗಿಡ. ಎಲೆ ಅರೆದು ಕುಡಿದರೆ ಹೋಳಿ ಹಬ್ಬ, ತುದಿ ಸೇದಿದರೆ ಕಂಬಿ. ಅದು ಹಾಳಾಗಲಿ, ಕಾನೂನು ಹಾಗಿದೆ. ಹಾಗಿದ್ದ ಮೇಲೆ ತುದಿಯನ್ನಾದರೂ ನೆಟ್ಟಗೆ ತೂಗಬೇಡವಾ? ಎಲೆಗೂ ತುದಿಗೂ ಇಷ್ಟು ಸೂಕ್ಷ್ಮ ವ್ಯತ್ಯಾಸ ಬರೆದಿಟ್ಟ ಕಾಯಿದೆಯನ್ನು ಜಾರಿ ಮಾಡುವಾಗ ಸೌದೆ ತೂಗಿದ ಹಾಗೆ ತೂಗುವುದಾ?

‘ಹಾಗಂತ ಬಿಟ್ಟುಬಿಟ್ಟರೆ ಹುಡುಗರು ಹಾಳಾಗುವುದಿಲ್ಲವೇ, ಥಾಯ್ಲೆಂಡ್ ನೋಡಿ’ ಅಂತ ಯಾರಾದರೂ ಕಾಮೆಂಟಿಗೆ ಬಂದೇ ಬರುತ್ತೀರಿ. ನೋಡಿದ್ದೇನೆ. 2022ರಲ್ಲಿ ಸಡಿಲ ಬಿಟ್ಟರು, ಬೀದಿಗೊಂದು ಅಂಗಡಿ ಆಯಿತು, 2025ರಲ್ಲಿ ವೈದ್ಯರ ಚೀಟಿ ಬೇಕು ಅಂದರು. ನಿಯಮ ಮಾಡದೆ ಬಾಗಿಲು ತೆಗೆದರೆ ಹಾಗೇ ಆಗುವುದು. ಜರ್ಮನಿಯಲ್ಲಿ 2024ರಿಂದ ದೊಡ್ಡವರು ಮನೆಯಲ್ಲಿ ಮೂರು ಗಿಡ ಇಟ್ಟುಕೊಳ್ಳಬಹುದು, ಅಂಗಡಿ ಇಲ್ಲ. ಲೆಕ್ಕ ಇದೆ. ಮತ್ತೆ, ಇಲ್ಲಿ ಈಗ ಹುಡುಗರಿಗೆ ಸಿಗುತ್ತಿಲ್ಲ ಅಂದುಕೊಂಡಿದ್ದೀರಾ? ಏಮ್ಸ್ 2019ರ ಸಮೀಕ್ಷೆಯಲ್ಲಿ ದೇಶದಲ್ಲಿ ಸುಮಾರು 3 ಕೋಟಿ ಜನ ಭಾಂಗ್, ಗಾಂಜಾ, ಚರಸ್ ಬಳಸುವವರು ಅಂತ ಬಂತು. ನಿಷೇಧ ಇದ್ದೂ.

ಆದರೆ ಹುಡುಗರ ಮಾತು ಬಂದಾಗ ನನ್ನ ದನಿ ಅಷ್ಟು ಗಟ್ಟಿ ಇರುವುದಿಲ್ಲ. ಹಳೆಯ ಸ್ನೇಹಿತರಿಗೆ ಯಾಕೆ ಅಂತ ಗೊತ್ತು. ನನ್ನ ತಮ್ಮ. ಇಂಜಿನಿಯರಿಂಗ್ ಎರಡನೇ ವರ್ಷ, ಹಾಸ್ಟೆಲ್ಲು, ದಿನಾ ಭಂಗಿ ಸೊಪ್ಪು. ರಜೆಗೆ ಬಂದವನು ಫ್ಯಾನ್ ಆಫ್ ಮಾಡಿ ಅಂದ. ಪಕ್ಕದ ಮನೆಯವರು ಫ್ಯಾನಿನೊಳಗಿಂದ ತನ್ನನ್ನು ಬೈಯುತ್ತಿದ್ದಾರೆ ಅಂದ. ಏಪ್ರಿಲ್ ತಿಂಗಳು. ಫ್ಯಾನ್ ಇಲ್ಲದೆ ಎಲ್ಲರೂ ಬೆವರುತ್ತಾ ಅವನ ಸುತ್ತ ಕೂತಿದ್ದೆವು.

ಡಾಕ್ಟರ ಹತ್ತಿರ ಎಂಟು ತಿಂಗಳು ನಿಜ ಹೇಳಲಿಲ್ಲ. ಪರೀಕ್ಷೆಯ ಟೆನ್ಷನ್ ಅಂದೆವು. ಅಮ್ಮನಿಗೆ ಕಾಯಿಲೆಗಿಂತ ಪೊಲೀಸರ ಭಯ ಜಾಸ್ತಿ. ನಾನಾಗಲೇ ಕೆಲಸಕ್ಕೆ ಸೇರಿ ಆರು ವರ್ಷ. ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಗೆ ಚಿಕಿತ್ಸೆಗೆ ಬಂದ ವ್ಯಸನಿಗೆ ಪ್ರಾಸಿಕ್ಯೂಷನ್‌ನಿಂದ ರಕ್ಷಣೆ ಕೊಡುವ 64ಎ ಕಲಂ ಅದೇ ಕಾಯಿದೆಯಲ್ಲಿದೆ. ನನ್ನ ಕೈಯಾರೆ ಟೈಪ್ ಮಾಡಿದ್ದೆ. ಮನೆಯಲ್ಲಿ ಬೇಕಾದಾಗ ನೆನಪಿಗೇ ಬರಲಿಲ್ಲ. ನನಗೇ ಹೀಗಾದರೆ ಬೇರೆಯವರ ಗತಿ ಏನು?

ಈಗ ಅವನು ಪರವಾಗಿಲ್ಲ, ಮಾತ್ರೆ ನಡೆಯುತ್ತಿದೆ, ಸಣ್ಣ ಅಂಗಡಿ ನೋಡಿಕೊಳ್ಳುತ್ತಾನೆ. ನಿನ್ನೆ ರಾತ್ರಿ ಅಜ್ಜನ ಕೇಸು ಹೇಳಿ, ಮನೆಯಲ್ಲಿ ಮೂರು ಗಿಡ ಇಟ್ಟುಕೊಳ್ಳಲು ಬಿಡಬೇಕು ಅಂದೆ. ‘ಅಜ್ಜನ್ನ ಬಿಡಿಸು, ಗಿಡ ಬಿಡಬೇಡ’ ಅಂದ. ಆಮೇಲೆ ಊಟ ಮುಗಿಯುವವರೆಗೆ ಮಾತಾಡಲಿಲ್ಲ. ಅವನ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಇಪ್ಪತ್ತರ ಹುಡುಗನ ತಲೆಯೂ ಎಪ್ಪತ್ತರ ಅಜ್ಜನ ತಲೆಯೂ ಒಂದೇ ಅಲ್ಲ ಅಂತಷ್ಟೇ ಹೇಳಬಲ್ಲೆ. ಆದರೆ ಒಂದು ಕೇಳುತ್ತೇನೆ. ಆ ಅಜ್ಜನನ್ನು ಒಳಗೆ ಹಾಕಿದ್ದರಿಂದ ನನ್ನ ತಮ್ಮನ ಹಾಸ್ಟೆಲ್ಲಿನಲ್ಲಿ ಒಂದು ಪೊಟ್ಟಣ ಕಡಿಮೆ ಆಯಿತಾ?

ಅರ್ಜಿ ಇವತ್ತು ಬೆಳಿಗ್ಗೆ ಮುಗಿಯಿತು. ನಾಲ್ಕನೇ ಪ್ಯಾರಾದಲ್ಲಿ ‘ದಂಟು ಸಮೇತ’ ಅನ್ನುವುದನ್ನು ಬೋಲ್ಡ್ ಮಾಡಿ ಅಡಿಗೆರೆ ಹಾಕಿದ್ದೆ. ಸೀನಿಯರ್ ಕನ್ನಡಕ ಏರಿಸಿ ನೋಡಿದರು. ‘ಇದೇನಮ್ಮ, ಲಗ್ನಪತ್ರಿಕೆನಾ? ಬೋಲ್ಡ್ ತೆಗಿ’ ಅಂದರು.

ಅಡಿಗೆರೆ ತೆಗೆದೆ. ಬೋಲ್ಡ್ ಹಾಗೇ ಇದೆ.