ಓದುಗರ ಹತ್ತಿರ ದುಡ್ಡು ಕೇಳಿ, ನಾಚಿಕೆ ಬೇಡ

ತಂತ್ರಜ್ಞಾನದ ಬಗ್ಗೆ ಬ್ಲಾಗ್ ಬರೆಯುವ ಎಳೆಯರು ಸಿಕ್ಕಾಗೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಸರ್, ವ್ಯೂಸ್ ಜಾಸ್ತಿ ಮಾಡೋದು ಹೇಗೆ?" ಬರವಣಿಗೆಯಿಂದಲೇ ಮನೆ ನಡೆಯಬೇಕು, ಇಬ್ಬರು ಮೂವರಿಗೆ ಸಂಬಳ ಕೊಡುವಂಥ ಪುಟ್ಟ ಪ್ರಕಾಶನ ಕಟ್ಟಬೇಕು ಅನ್ನುವ ಆಸೆ ಅವರದು. ಒಳ್ಳೆಯ ಆಸೆ. ನಾನು ತಿರುಗಿ ಕೇಳುವುದು ಇಷ್ಟೇ. ನಿಮ್ಮ ಬರಹಕ್ಕೆ ವರ್ಷಕ್ಕೆ ಆರುನೂರು ರೂಪಾಯಿ ಕೊಡುವ ಓದುಗರು ಯಾರು? ಅವರು ಏನು ಕೆಲಸ ಮಾಡುತ್ತಾರೆ, ಯಾವುದಕ್ಕೆ ಒದ್ದಾಡುತ್ತಿದ್ದಾರೆ, ಗೊತ್ತಾ?

ಈ ಪ್ರಶ್ನೆಗೆ ಉತ್ತರ ಇಲ್ಲದೆ ಬರೀ ವ್ಯೂಸ್ ಹಿಂದೆ ಹೋದರೆ ಬಹಳ ದೂರ ಹೋಗಲಾಗದು ಅಂತ ನಾನು ನಂಬಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ಬೆನ್ ಥಾಂಪ್ಸನ್ ಅಮೆರಿಕದವರು. 2013ರಲ್ಲಿ ‘ಸ್ಟ್ರಟೆಕರಿ’ ಅನ್ನುವ ಬ್ಲಾಗ್ ಶುರು ಮಾಡಿದರು. ಆಗ ಕೈಯಲ್ಲಿ ನೌಕರಿ ಇತ್ತು. ಹೊಸ ಫೋನಿನ ಸುದ್ದಿ, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಇದ್ಯಾವುದೂ ಅಲ್ಲಿಲ್ಲ. ಆಪಲ್, ಗೂಗಲ್‌ನಂಥ ಕಂಪನಿಗಳು ಹಣ ಮಾಡುವುದು ಹೇಗೆ, ಒಂದು ತೀರ್ಮಾನವನ್ನು ಯಾಕೆ ತೆಗೆದುಕೊಂಡವು ಅನ್ನುವುದರ ವಿಶ್ಲೇಷಣೆ ಮಾತ್ರ. 2014ರ ಏಪ್ರಿಲ್‌ನಲ್ಲಿ ಚಂದಾ ಶುರುವಾಯಿತು. ವಾರಕ್ಕೊಂದು ಲೇಖನ ಎಲ್ಲರಿಗೂ ಉಚಿತ, ಉಳಿದವು ಚಂದಾದಾರರ ಇಮೇಲ್‌ಗೆ. ತಿಂಗಳಿಗೆ 10 ಡಾಲರ್, ವರ್ಷಕ್ಕೆ 100 ಡಾಲರ್ ಅನ್ನುವುದೇ ವರ್ಷಗಟ್ಟಲೆ ಅದರ ದರವಾಗಿತ್ತು. ಜಾಹೀರಾತು ಇಲ್ಲ, ಹೂಡಿಕೆದಾರರ ಒತ್ತಡವೂ ಇಲ್ಲ. ಬರೆಯುವವರು ಇಮೇಲ್ ಪತ್ರಿಕೆ ನಡೆಸಿ ಚಂದಾ ಪಡೆಯಲು ಬಳಸುವ ಸಬ್‌ಸ್ಟ್ಯಾಕ್ ತಾಣವನ್ನು 2017ರಲ್ಲಿ ಶುರು ಮಾಡಿದವರು, ಇದೇ ಮಾದರಿ ನೋಡಿ ನಮಗೆ ಈ ಯೋಚನೆ ಬಂತು ಅಂತ ಬಾಯಿಬಿಟ್ಟು ಹೇಳಿದ್ದಾರೆ.

ಈಗ ಇನ್ನೊಂದು ದಾರಿ ನೋಡಿ. ಓಂ ಮಲಿಕ್ ದೆಹಲಿಯಲ್ಲಿ ಓದಿ ಅಮೆರಿಕಕ್ಕೆ ಹೋದ ಪತ್ರಕರ್ತ. ತಮ್ಮ ಬ್ಲಾಗನ್ನೇ 2006ರಲ್ಲಿ ‘ಗಿಗಾಓಂ’ ಕಂಪನಿ ಮಾಡಿದರು. ಬರವಣಿಗೆಯಲ್ಲಿ ತೂಕ ಇತ್ತು, ಒಳ್ಳೆಯ ವರದಿಗಾರರಿದ್ದರು. ಸಮ್ಮೇಳನ ನಡೆಸಿದರು, ಸಂಶೋಧನಾ ವರದಿ ಮಾರಿದರು. ಹೂಡಿಕೆದಾರರಿಂದ 2 ಕೋಟಿ ಡಾಲರ್‌ಗೂ ಜಾಸ್ತಿ ಹಣ ಬಂತು. ಅಷ್ಟು ಹಣ ಬಂದ ಮೇಲೆ ಅಷ್ಟೇ ವೇಗದಲ್ಲಿ ಬೆಳೆಯಲೇಬೇಕು, ಅಲ್ವಾ? 2015ರ ಮಾರ್ಚ್‌ನಲ್ಲಿ, ಸಾಲ ಕೊಟ್ಟವರಿಗೆ ಪೂರ್ತಿ ಹಣ ಕೊಡಲು ಆಗುತ್ತಿಲ್ಲ ಅಂತ ಹೇಳಿ ಕಂಪನಿ ಬಾಗಿಲು ಹಾಕಿತು. ಅಲ್ಲಿದ್ದವರು ಒಂದೇ ದಿನದಲ್ಲಿ ಕೆಲಸ ಕಳೆದುಕೊಂಡರು.

ನನಗೆ ಇದಕ್ಕಿಂತ ಹೆಚ್ಚು ನೋವು ಕೊಟ್ಟಿದ್ದು ‘ಆನಂದ್‌ಟೆಕ್’. 1997ರಲ್ಲಿ ಆನಂದ್ ಲಾಲ್ ಶಿಂಪಿ ಅದನ್ನು ಶುರು ಮಾಡಿದಾಗ ಅವರಿಗೆ 14 ವರ್ಷ. ಶಾಲೆಗೆ ಹೋಗುವ ಹುಡುಗ ಮದರ್‌ಬೋರ್ಡ್‌ಗಳ ವಿಮರ್ಶೆ ಬರೆಯುತ್ತಿದ್ದ. ಒಂದು ಪ್ರೊಸೆಸರ್ ಅಂದರೆ ಪುಟಗಟ್ಟಲೆ ಪರೀಕ್ಷೆ, ಪ್ರತಿ ಅಂಕಿಗೂ ವಿವರಣೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸಿದ ಎಷ್ಟೋ ಮಂದಿ ಅದನ್ನು ಓದಿಯೇ ಅಂಗಡಿಗೆ ಹೋಗುತ್ತಿದ್ದೆವು. 2014ರಲ್ಲಿ ಆನಂದ್ ಆಪಲ್ ಸೇರಿದರು. ತಾಣ ಒಂದು ಕಂಪನಿಗೆ ಮಾರಾಟವಾಯಿತು, ಅಲ್ಲಿಂದ ಇನ್ನೊಂದಕ್ಕೆ ಹೋಯಿತು. 2024ರ ಆಗಸ್ಟ್ 30ರಂದು ನಿಂತೇಹೋಯಿತು. ಬರಹದ ರೂಪದ ತಂತ್ರಜ್ಞಾನ ಪತ್ರಿಕೋದ್ಯಮಕ್ಕೆ ಹಿಂದಿನ ಮಾರುಕಟ್ಟೆ ಉಳಿದಿಲ್ಲ ಅಂತ ಸಂಪಾದಕರು ಬೀಳ್ಕೊಡುಗೆಯಲ್ಲಿ ಬರೆದರು. ಗುಣಮಟ್ಟಕ್ಕೆ ಅಲ್ಲಿ ಎಂದೂ ಕೊರತೆ ಇರಲಿಲ್ಲ. ಆದರೆ ಹತ್ತು ದಿನ ಕೂತು ಪರೀಕ್ಷೆ ಮಾಡಿದ ಲೇಖನಕ್ಕೂ ಹತ್ತು ನಿಮಿಷದಲ್ಲಿ ಕದ್ದು ಬರೆದ ಸುದ್ದಿಗೂ ಜಾಹೀರಾತಿನವರು ಒಂದೇ ರೀತಿ ಕ್ಲಿಕ್ ಎಣಿಸುತ್ತಾರೆ.

ಹಾಗಂತ ಜಾಹೀರಾತು ಪಾಪ ಅಂತ ನಾನು ಹೇಳುವುದಿಲ್ಲ. ಫಿಲಡೆಲ್ಫಿಯಾದ ಜಾನ್ ಗ್ರೂಬರ್ ಅವರ ‘ಡೇರಿಂಗ್ ಫೈರ್‌ಬಾಲ್’ ನೋಡಿ. 2002ರಲ್ಲಿ ಶುರು, 2006ರಿಂದ ಅದೇ ಅವರ ಪೂರ್ಣಾವಧಿ ಕೆಲಸ. ಮೊದಲು ಸದಸ್ಯತ್ವ, ಟೀ ಶರ್ಟ್ ಮಾರಾಟ. ಆಮೇಲೆ ವಾರಕ್ಕೆ ಒಬ್ಬರೇ ಪ್ರಾಯೋಜಕರು ಅನ್ನುವ ಪದ್ಧತಿ ತಂದರು. ಆ ವಾರ ಪ್ರಾಯೋಜಕರ ಮಾತು ಒಂದು ಸಲ ಬರುತ್ತದೆ, ವಾರದ ಕೊನೆಗೆ ಒಂದು ಧನ್ಯವಾದ. ಅಷ್ಟೇ. ವರ್ಷಕ್ಕೆ ಮಾರಲು ಇರುವುದು 52 ವಾರ ಮಾತ್ರ. ಇವತ್ತಿಗೂ ಗ್ರೂಬರ್ ಒಬ್ಬರೇ ಬರೆಯುತ್ತಾರೆ. ಓದುಗರು ನಂಬುವ ಒಬ್ಬ ವ್ಯಕ್ತಿ ಇದ್ದಾಗ ಜಾಹೀರಾತೂ ಮರ್ಯಾದೆಯಿಂದ ಬರುತ್ತದೆ.

ಅಫಿಲಿಯೇಟ್ ಕಮಿಷನ್, ಅಂದರೆ ನಾವು ಕೊಟ್ಟ ಲಿಂಕ್ ಒತ್ತಿ ಓದುಗರು ಕೊಂಡರೆ ನಮಗೆ ಸಿಗುವ ಪಾಲು, ಅದರ ವಿಷಯವೂ ಹೀಗೇ. 2011ರಲ್ಲಿ ಬ್ರಯಾನ್ ಲ್ಯಾಮ್ ‘ವೈರ್‌ಕಟರ್’ ಶುರು ಮಾಡಿದರು. ದಿನಕ್ಕೆ ಹತ್ತಾರು ಸುದ್ದಿ ಹಾಕುವ ಗ್ಯಾಜೆಟ್ ಬ್ಲಾಗಿನ ಸಂಪಾದಕರಾಗಿದ್ದವರು ಅವರು. ಹೊಸ ತಾಣದಲ್ಲಿ ತದ್ವಿರುದ್ಧ ಮಾಡಿದರು. ವಾರಗಟ್ಟಲೆ ಪರೀಕ್ಷೆ ಮಾಡಿ, ಈ ಬಗೆಯಲ್ಲಿ ನೀವು ಕೊಳ್ಳಬೇಕಾದದ್ದು ಇದೊಂದು ಅಂತ ಹೇಳುವುದು. ಕೊಂಡರೆ ಕಮಿಷನ್. 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಸುಮಾರು 3 ಕೋಟಿ ಡಾಲರ್‌ಗೆ ಕೊಂಡಿತು. ನಮ್ಮಲ್ಲಿ ಆಗುತ್ತಿರುವುದು ಏನು? ಕಂಪನಿ ಫೋನ್ ಕಳಿಸುತ್ತದೆ, ಡಬ್ಬಿ ಬಿಚ್ಚಿದ ಸಂಜೆಯೇ ‘ಸೂಪರ್’ ಅಂತ ವಿಮರ್ಶೆ, ಕೆಳಗೆ ಲಿಂಕ್. ಹಣ ಅಥವಾ ವಸ್ತು ಪಡೆದು ಪ್ರಚಾರ ಮಾಡಿದರೆ ಅದನ್ನು ಎದ್ದು ಕಾಣುವಂತೆ ಹೇಳಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. ಎಷ್ಟು ಜನ ಪಾಲಿಸುತ್ತಾರೆ ಅಂತ ನೀವೇ ನೋಡುತ್ತಿದ್ದೀರಿ.

ಈಗ ಕನ್ನಡದ ಮಾತಿಗೆ ಬರುತ್ತೇನೆ. ಒಂದು ಲೆಕ್ಕ ಹಾಕೋಣ. ತಿಂಗಳಿಗೆ ₹50 ಚಂದಾ, ಸಾವಿರ ಓದುಗರು. ವರ್ಷಕ್ಕೆ ₹6 ಲಕ್ಷ. ಇದೇ ₹6 ಲಕ್ಷ ಜಾಹೀರಾತಿನಿಂದ ಬರಬೇಕಾದರೆ? ಸಾವಿರ ವ್ಯೂಸ್‌ಗೆ ಅರ್ಧ ಡಾಲರ್ ಅಂತ ಇಟ್ಟುಕೊಳ್ಳಿ. ಡಾಲರಿಗೆ ₹85 ಹಿಡಿದರೂ ಸುಮಾರು 1 ಕೋಟಿ 40 ಲಕ್ಷ ವ್ಯೂಸ್ ಬೇಕು. ಸಾವಿರ ಜನರನ್ನು ಒಪ್ಪಿಸುವುದು ಕಷ್ಟ, ನಿಜ. ಆದರೆ ಅದು ಮನುಷ್ಯರು ಮಾಡಬಹುದಾದ ಕೆಲಸ. ಕೋಟಿ ವ್ಯೂಸ್ ಕೊಡುವುದು ಬಿಡುವುದು ಗೂಗಲ್ ಕೈಯಲ್ಲಿದೆ. ಮೇಲಾಗಿ 2024ರ ಆಗಸ್ಟ್‌ನಿಂದ ಭಾರತದಲ್ಲೂ ಹುಡುಕಾಟದ ಮೇಲ್ಭಾಗದಲ್ಲಿ ಎಐ ಬರೆದ ಉತ್ತರ ಕಾಣಿಸುತ್ತಿದೆ. ಉತ್ತರ ಅಲ್ಲೇ ಸಿಕ್ಕರೆ ನಿಮ್ಮ ತಾಣಕ್ಕೆ ಯಾರು ಬರುತ್ತಾರೆ? ಭಾಷೆಯ ಮಾತಂತೂ ಕೇಳಬೇಡಿ. ತಾಣಗಳಿಗೆ ಜಾಹೀರಾತು ಕೊಡುವ ಗೂಗಲ್‌ನ ಆ್ಯಡ್‌ಸೆನ್ಸ್ ಹಿಂದಿಗೆ 2014ರಲ್ಲಿ, ತಮಿಳಿಗೆ 2018ರಲ್ಲಿ ಬಂತು. ಆಗಲೂ ಕನ್ನಡದವರು ಕಾಯುತ್ತಲೇ ಇದ್ದರು.

ಚಂದಾ ಕೇಳಲು ಸಂಕೋಚ ಅನ್ನುವವರಿಗೆ ನಮ್ಮದೇ ಪತ್ರಿಕೆಗಳನ್ನು ನೆನಪಿಸುತ್ತೇನೆ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತೇ ಇಲ್ಲದೆ, ಓದುಗರು ಕೊಟ್ಟ ದುಡ್ಡಿನಲ್ಲಿ ನಡೆಯಿತು. ನನಗೆ ಅದಕ್ಕಿಂತ ಹತ್ತಿರದ ಉದಾಹರಣೆ ಅಡಿಕೆ ಪತ್ರಿಕೆ. 1988ರಲ್ಲಿ ಪುತ್ತೂರಿನಿಂದ ಹೊರಟ ಮಾಸಿಕ. ಬೆಳೆಗಾರರೇ ಬರೆಯಬೇಕು ಅಂತ ‘ಕೃಷಿಕರ ಕೈಗೆ ಲೇಖನಿ’ ಕೊಟ್ಟವರು ಅವರು. ಶ್ರೀಪಡ್ರೆ ಮತ್ತು ಗೆಳೆಯರು ಅದರಲ್ಲಿ ನೀರಿಂಗಿಸುವುದರಿಂದ ಹಿಡಿದು ಹಲಸಿನ ಮೌಲ್ಯವರ್ಧನೆಯವರೆಗೆ ಬರೆದು ಬರೆಸಿದರು. ತೋಟದಲ್ಲಿ ನಿಂತು ನೋಡಿದವರು ಬರೆದದ್ದನ್ನು ಇನ್ನೊಂದು ತೋಟದವರು ದುಡ್ಡು ಕೊಟ್ಟು ಓದಿದರು. ತಂತ್ರಜ್ಞಾನದ ಬರಹಕ್ಕೂ ಇದೇ ದಾರಿ ಯಾಕಾಗಬಾರದು?

ಬರೆಯಲು ವಿಷಯ ಇಲ್ಲ ಅಂತ ಮಾತ್ರ ಹೇಳಬೇಡಿ. ಇಂಗ್ಲಿಷಿನಲ್ಲಿ ಬಂದ ಐಫೋನ್ ಸುದ್ದಿಯನ್ನು ಅನುವಾದಿಸಿದರೆ ಯಾರೂ ದುಡ್ಡು ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಆದರೆ ಆಸ್ತಿ ನೋಂದಣಿಯ ಕಾವೇರಿ 2.0ರಲ್ಲಿ ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆ? ಇ-ಖಾತಾದಲ್ಲಿ ಹೆಸರು ತಪ್ಪಿದ್ದರೆ ಏನು ಮಾಡಬೇಕು? ದಿಶಾಂಕ್ ಆ್ಯಪ್ ತೋರಿಸುವ ಸರ್ವೆ ನಂಬರ್ ಗಡಿಯನ್ನು ಎಷ್ಟು ನಂಬಬಹುದು? ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ನೂರಾರು ಪುಟವನ್ನು ಕೆಡದಂತೆ ಯೂನಿಕೋಡ್‌ಗೆ ತರುವುದು ಹೇಗೆ? ‘ಡಿಜಿಟಲ್ ಅರೆಸ್ಟ್’ ಅಂತ ಫೋನ್ ಬಂದಾಗ ಅಪ್ಪ ಅಮ್ಮ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಅಂತ ಅವರಿಗೆ ಯಾರು ಹೇಳಿದ್ದಾರೆ? ಇದನ್ನು ಕ್ಯಾಲಿಫೋರ್ನಿಯಾದ ಯಾವ ತಾಣವೂ ಬರೆಯುವುದಿಲ್ಲ. ನೀವು ಸ್ವತಃ ಮಾಡಿ ನೋಡಿ, ಪರದೆಯ ಚಿತ್ರ ಹಾಕಿ, ಪ್ರತಿ ಸಲ ಬದಲಾದಾಗ ತಿದ್ದಿ ಬರೆದರೆ, ಸೈಬರ್ ಸೆಂಟರಿನವರು, ಗ್ರಾಮ ಒನ್‌ನವರು, ವಕೀಲರ ಕಚೇರಿಯವರು, ಡಿಟಿಪಿ ಮಾಡುವವರು ಕೊಳ್ಳುತ್ತಾರೆ ಅನ್ನುವುದು ನನ್ನ ನಂಬಿಕೆ. ಅವರಿಗೆ ಅದು ದಿನದ ಕೆಲಸಕ್ಕೆ ಬೇಕಾದ ಮಾಹಿತಿ.

ಹಣ ಪಡೆಯುವುದು ಈಗ ಮೊದಲಿನಷ್ಟು ಕಷ್ಟ ಅಲ್ಲ. ಸಬ್‌ಸ್ಟ್ಯಾಕ್‌ನಲ್ಲಿ ಚಂದಾ ತೆಗೆದುಕೊಳ್ಳಲು ಆನ್‌ಲೈನ್ ಪಾವತಿ ಕಂಪನಿ ಸ್ಟ್ರೈಪ್‌ನ ಖಾತೆ ಬೇಕು. ಸ್ಟ್ರೈಪ್ 2024ರಿಂದ ಭಾರತದಲ್ಲಿ ಆಹ್ವಾನ ಇದ್ದವರಿಗೆ ಮಾತ್ರ ಅಂತ ಮಾಡಿದೆ. ಆ ಬಾಗಿಲು ಬಿಡಿ. 2020ರಲ್ಲಿ ಬಂದ ಯುಪಿಐ ಆಟೋಪೇ ಇದೆ. ಓದುಗರು ಒಂದು ಸಲ ಒಪ್ಪಿಗೆ ಕೊಟ್ಟರೆ ಸಾಕು, ತಿಂಗಳಿಗೆ ₹50 ತಾನಾಗಿ ಬರುತ್ತದೆ. ಪೇಮೆಂಟ್ ಗೇಟ್‌ವೇಯವರು ಶೇ 2ರ ಆಸುಪಾಸು ಹಿಡಿದುಕೊಳ್ಳುತ್ತಾರೆ. ಓದುಗರ ಇಮೇಲ್ ಪಟ್ಟಿ ಮಾತ್ರ ಯಾವಾಗಲೂ ನಿಮ್ಮ ಕೈಯಲ್ಲಿರಲಿ. ಯೂಟ್ಯೂಬ್, ಇನ್‌ಸ್ಟಾಗ್ರಾಂ, ಈ ಫೇಸ್‌ಬುಕ್ ಎಲ್ಲವೂ ಬಾಡಿಗೆ ಮನೆ.

ಇಬ್ಬರಾಗುವಷ್ಟು ಹಣ ಬಂದ ದಿನ ಮೊದಲು ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವುದರಲ್ಲೂ ನನಗೆ ಗಟ್ಟಿ ಅಭಿಪ್ರಾಯ ಇದೆ. ವಿಡಿಯೋ ಎಡಿಟರ್ ಅಲ್ಲ, ಗೂಗಲ್ ಹುಡುಕಾಟದಲ್ಲಿ ಮೇಲೆ ಬರುವಂತೆ ಎಸ್‌ಇಒ ಮಾಡುವವರೂ ಅಲ್ಲ. ಬರಹ ತಿದ್ದುವವರು. ನೀವು ಬರೆದ ಪ್ರತಿ ಹೆಜ್ಜೆಯನ್ನೂ ತಮ್ಮ ಫೋನಿನಲ್ಲಿ ಮಾಡಿ ನೋಡಿ, ಇದು ಇಲ್ಲಿ ಹೀಗೆ ಬರುತ್ತಿಲ್ಲ ಅಂತ ಮುಖಕ್ಕೆ ಹೇಳುವವರು. ಓದುಗರು ದುಡ್ಡು ಕೊಟ್ಟ ಮೇಲೆ ತಪ್ಪು ಮಾಹಿತಿ ಹೋಗಬಾರದು.

ಇಂಥದ್ದನ್ನು ಕನ್ನಡದಲ್ಲಿ ಈಗಾಗಲೇ ಮಾಡುತ್ತಿರುವವರು ಇದ್ದರೆ, ಮಾಡಬೇಕು ಅಂತಿರುವವರು ಇದ್ದರೆ, ಕೆಳಗೆ ಬರೆಯಿರಿ. ಯಾವ ವಿಷಯ, ಯಾರಿಗಾಗಿ, ಚಂದಾ ಎಷ್ಟು, ಮೂರನ್ನೂ ಹೇಳಿ. ವರ್ಷದ ಚಂದಾ ಕಟ್ಟಲು ನಾನು ತಯಾರಿದ್ದೇನೆ.